ಕೀಲ್ಪಾಕಿನ ಮಡಿವಂತ

ಕೀಲ್ಪಾಕಿನ ಆ ಎರಡನೇ ಮಹಡಿಯ ಬಾಡಿಗೆ ಮನೆ ಕೈಗೆ ಬಂದ ದಿನ ಸುಘೋಷನ ಮುಖದಲ್ಲಿ ದಿಗ್ವಿಜಯ ಮುಗಿಸಿದ ಅರಸನ ಕಳೆಯಿತ್ತು. ಸಿಹಿನೀರು, ಕಿಟಕಿಗೆ ಬೇವಿನ ನೆರಳು, ಕೆಳಗೆ ನಮ್ಮವರೇ ಆದ ಮಾಲೀಕರು. ಕಂಪನಿಯ ಕೆಲಸವೆಲ್ಲ ಮನೆಯಿಂದಲೇ. ನಂಜನಗೂಡಿನ ಮಾಧ್ವನಿಗೆ ಮದ್ರಾಸಿನಲ್ಲಿ ಇನ್ನೇನು ಬೇಕು? "ಮನೇನೂ ಚಿನ್ನ, ಬೀದೀನೂ ಚಿನ್ನ" ಎಂದು ನೆಂಟರಿಗೆಲ್ಲ ಫೋನು ಮಾಡಿದ.

ಬೀದಿಗೂ ಅವನು ಹಾಗೇ ಕಂಡ. ಹಗಲು ಹೊತ್ತು ಮನೆಯಲ್ಲಿ ಸಿಗುವ ಗಟ್ಟಿಮುಟ್ಟಾದ ಗಂಡಸು ಆ ಕಟ್ಟಡಕ್ಕೆ ದಕ್ಕಿದ್ದು ಅದೇ ಮೊದಲು. ಎಲ್ಲರ ಕೊರಿಯರ್ ಅವನ ಬಾಗಿಲಿಗೆ ಬಂತು. ನೀರಿನ ಮೋಟಾರ್ ನಿಲ್ಲಿಸುವುದು, ಎದುರುಮನೆ ಜಯಲಕ್ಷ್ಮೀ ಮಾಮಿಯ ಗ್ಯಾಸ್ ಸಿಲಿಂಡರ್ ಬದಲಿಸುವುದು ಅವನ ಪಾಲಾಯಿತು. "ಮನೇಲಿ ಸುಮ್ನೇ ಇದ್ದೀಯಲ್ಲಪ್ಪಾ" ಎಂದರೆ ಅವನು ಮೀಟಿಂಗ್ ಬಿಟ್ಟು ಏಳಬೇಕು. ಮೇಲಧಿಕಾರಿಗಳು ಗೊಣಗಿದರು. ಮುಂದಿನ ವಾರ ವಿದೇಶಿ ಗ್ರಾಹಕರೆದುರು ಅವನು ಮಾತಾಡಬೇಕು; ಗೆದ್ದರೆ ಟೀಮ್ ಲೀಡ್ ಪಟ್ಟ, ತಪ್ಪಿದರೆ ಅದು ಅವನ ಕೈಕೆಳಗಿನ ಪ್ರತಾಪನಿಗೆ.

ಆಗ ನಮ್ಮ ವೀರನಿಗೆ ವಂಶದ ಅಸ್ತ್ರ ಹೊಳೆಯಿತು: ಮಡಿ. ಒಗೆದ ಪಂಚೆಯುಟ್ಟು, ಮೈತುಂಬ ಗೋಪೀಚಂದನ ಬಳಿದು, ಕ್ಯಾಮೆರಾ ಆರಿಸಿ ದೇವರ ಕೋಣೆಯಲ್ಲಿ ಲ್ಯಾಪ್‌ಟಾಪಿನೆದುರು ಕೂತ. "ಅವರು ಮಡೀಲಿದ್ದಾರೆ" ಎಂದು ಹೆಂಡತಿ ವಿಭಾ ಹೇಳಿದರೆ ಸಾಕು, ಬಂದವರು ಬಂದ ಹಾಗೇ ಇಳಿದುಹೋಗುತ್ತಿದ್ದರು. ವಾರವಿಡೀ ಅಖಂಡ ಶಾಂತಿ. ಒಳಗೆ ಮಡಿವಂತನ ಮಗ್ಗುಲಲ್ಲಿ ಈರುಳ್ಳಿ ಉಪ್ಪಿಟ್ಟಿನ ತಟ್ಟೆ.

ಆ ದಿನ ಹನ್ನೆರಡಕ್ಕೆ ವಿದೇಶಿ ಗ್ರಾಹಕರ ಸಭೆ. ಅಂಗಿ ತೊಡಲು ಎದ್ದವನಿಗೆ ಬಾಗಿಲಲ್ಲಿ ಮಾಲೀಕ ಬದರಿನಾಥರು ಕಂಡರು. ಅವರ ಮನೆಯಲ್ಲಿ ತಂದೆಯ ಶ್ರಾದ್ಧ. ಪಿತೃಗಳ ಸ್ಥಾನದಲ್ಲಿ ಕೂತು ಉಣ್ಣಬೇಕಿದ್ದ ಬ್ರಾಹ್ಮಣರಲ್ಲಿ ಒಬ್ಬರು ಕೈಕೊಟ್ಟಿದ್ದರು.

"ಸುಘೋಷಾ, ಕಾಪಾಡಪ್ಪಾ. ಇಲ್ಲಿ ನಮ್ಮವರು ಸಿಗೋದೇ ಕಷ್ಟಂ."

"ಮಾಮಾ, ಹನ್ನೆರಡಕ್ಕೆ ಮೀಟಿಂಗಿದೆ..."

"ಅಯ್ಯೋ, ಮೀಟಿಂಗ್ ನಾಳೇನೂ ಬರತ್ತೆ. ಅಪ್ಪಾ ವರ್ಷಕ್ಕೆ ಒಂದೇ ದಪ ಬರೋದು! ನೀನು ಎಪ್ಪಡಿಯೂ, ಹೇಗಿದ್ರೂ ಮಡೀಲಿದ್ದೀಯ, ಹೊಟ್ಟೇನೂ ಖಾಲಿ ಇರತ್ತೆ."

"ನಿಜ ಹೇಳ್ಬಿಡಿ ಅತ್ಲಾಗೆ" ಎಂದಳು ವಿಭಾ, ಅವನಿಗೆ ಮಾತ್ರ ಕೇಳುವಂತೆ. ಉಪ್ಪಿಟ್ಟಿನ ಗುಟ್ಟು ಹೊರಬಿದ್ದರೆ ಮಡಿಯ ಮಾನವೂ ಹೋಗುತ್ತದೆ, ಬಹುಶಃ ಮನೆಯೂ. ಮಡಿಗೆ ತಕ್ಕಂತೆ ಸುಘೋಷ ಫೋನು ಮೇಲೇ ಬಿಟ್ಟು ಕೆಳಗಿಳಿದ.

ಆಮೇಲೆ ನಡೆದ ಸಂಗ್ರಾಮವನ್ನು ಏನೆಂದು ಬಣ್ಣಿಸಲಿ! ಈರುಳ್ಳಿಯ ಮೇಲೆ ವಡೆ ಬಿತ್ತು, ವಡೆಯ ಮೇಲೆ ಸಜ್ಜಪ್ಪ, ಅದರ ಮೇಲೆ ಪಾಯಸದ ಪ್ರವಾಹ. "ಇನ್ನೊಂದು ವಡೆ ಹಾಕಮ್ಮಾ, ಅಪ್ಪಂಗೆ ವಡೆ ಅಂದ್ರೆ ಪ್ರಾಣ" ಎಂದು ಬದರಿನಾಥರು ಕಣ್ಣೊರೆಸಿಕೊಂಡರು. ಕಾಣದ ಆ ಅಪ್ಪನ ಆಸೆಯನ್ನೆಲ್ಲ ನಮ್ಮ ವೀರ ಬೆವರುತ್ತ ನುಂಗಿದ. ಮೇಲೆ ಫೋನು ಬಡಿದುಕೊಳ್ಳುವುದು ಕೇಳುತ್ತಿತ್ತು. ಕೊನೆಗೆ ಅದೂ ಸುಮ್ಮನಾಯಿತು.

ಮೂರಕ್ಕೆ ಮೆಟ್ಟಿಲು ಹತ್ತಿದಾಗ ಪ್ರತಾಪನ ಸಂದೇಶ ಕಾದಿತ್ತು: "ವರಿ ಮಾಡ್ಕೋಬೇಡಿ ಸಾರ್, ನಾನೇ ಮ್ಯಾನೇಜ್ ಮಾಡ್ದೆ." ವಾರದೊಳಗೆ ಪಟ್ಟವೂ ಅವನಿಗೇ ಆಯಿತು.

ಸುದ್ದಿ ಕೇಳಿ ಬದರಿನಾಥರು ಸುಘೋಷನ ಬೆನ್ನು ತಟ್ಟಿದರು. "ಒಳ್ಳೇದೇ ಆಯ್ತು ಬಿಡು. ದೊಡ್ಡ ಕೆಲಸ ಅಂದ್ರೆ ಆಫೀಸಿಗೆ ಎಳ್ಕೊಂಡು ಹೋಗ್ತಿದ್ರು. ಆಷಾಢದಲ್ಲಿ ಅಮ್ಮಂದು ಬರತ್ತೆ. ನೀನೇ ಕೂತ್ಕೋಬೇಕು, ಆಯ್ತಾ?"

"ತಾರೀಖು ಈಗ್ಲೇ ಹೇಳ್ಬಿಡಿ ಮಾಮಾ" ಎಂದ ಸುಘೋಷ. ರಜೆಗೆ ಇನ್ನು ಪ್ರತಾಪನನ್ನೇ ಕೇಳಬೇಕಿತ್ತು.