ಹಲ್ಲು ಕಟ್ಟುವ ಚಿಕ್ಕಪ್ಪನ ಸತ್ಯ

ಭಾನುವಾರ ಚರ್ಚಿನಲ್ಲಿ ಬೈಬಲ್ ಪಾಠ ಓದುತ್ತಿದ್ದ ಚಿಕ್ಕಪ್ಪ ‘ಸತ್ಯ’ ಎಂಬ ಪದಕ್ಕೆ ಬರುವ ಹೊತ್ತಿಗೆ ಅವರ ಮೇಲಿನ ಸೆಟ್ಟು ಹಲ್ಲು ಜಾರಿ, ತೆರೆದಿಟ್ಟ ದೊಡ್ಡ ಗ್ರಂಥದ ಮೇಲೆ ಟಪ್ಪೆಂದು ಬಿತ್ತು. ಅವರು ಹಲ್ಲನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಳಿಸಿ, ಉಳಿದದ್ದನ್ನು ಬೊಚ್ಚುಬಾಯಲ್ಲೇ ಓದಿ ಮುಗಿಸಿದರು. ಕೊನೆಗೆ, “ಆ ಹಲ್ಲು ನಾನೇ ಕಟ್ಟಿದ್ದು,” ಎಂದರು. ಅದು ಪಾಠದಲ್ಲಿರಲಿಲ್ಲ.

ನಮ್ಮಲ್ಲಿ ಕತೆ ಕಟ್ಟುವವರು ಬೇಕಾದಷ್ಟು ಜನ. ಹಲ್ಲು ಕಟ್ಟುವವರು ಚಿಕ್ಕಪ್ಪ ಒಬ್ಬರೇ. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿಯ ಕೆಳಗೆ ಮೇಜು, ಅದರ ಮೇಲೆ ಗುಲಾಬಿ ಬಣ್ಣದ ಮೇಣ, ಸ್ಪಿರಿಟ್ ದೀಪ, ಯಾವ ಜೋಕೂ ಕೇಳದೆ ನಗುತ್ತಾ ಕೂತ ಪ್ಲಾಸ್ಟರ್ ದವಡೆಗಳ ಸಾಲು. ಹಲ್ಲು ಕಟ್ಟಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ. ಬಾಯಿಗಿಟ್ಟು ಮಾತಾಡಿಸಬೇಕು, ಒತ್ತುವಲ್ಲಿ ಸವೆಸಬೇಕು, ಸಂದು ಬಿಟ್ಟಲ್ಲಿ ತುಂಬಬೇಕು, ಮತ್ತೆ ಮಾತಾಡಿಸಬೇಕು.

ಚಿಕ್ಕಮ್ಮನ ಹೊಸ ಹಲ್ಲೂ ಅವರದೇ ಕೈಕೆಲಸ. ಚಿಕ್ಕಮ್ಮ ಚರ್ಚಿನ ಹಾಡುಗಾರರಲ್ಲಿ ಮುಂಚೂಣಿಯವಳು. ಮುಂದಿನ ಭಾನುವಾರ ಚರ್ಚಿಗೆ ಬರಲಿದ್ದ ಬಿಷಪ್ಪರ ಎದುರು ಒಬ್ಬಳೇ ಹಾಡಬೇಕಿತ್ತು. ಆದರೆ ಹೊಸ ಸೆಟ್ಟು ಬಂದಾಗಿನಿಂದ ಅವಳ ಪ್ರತಿ ‘ಸ’ಕಾರದ ಬಾಲಕ್ಕೂ ಒಂದು ಶಿಳ್ಳೆ ಅಂಟಿಕೊಂಡಿತ್ತು. ಅದು ಅವಳೊಬ್ಬಳಿಗೇ ಕೇಳಿಸುತ್ತಿರಲಿಲ್ಲ. ಜೊತೆಯವರೆಲ್ಲ “ದೇವದೂತರ ದನಿ” ಅನ್ನುತ್ತಿದ್ದರು. ಆ ದೇವದೂತರು ಬಸ್ ಕಂಡಕ್ಟರ್ ಕೆಲಸಕ್ಕೆ ಸೇರಿದ್ದಾರೆಂದು ಯಾರೂ ಬಾಯಿಬಿಡಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ನಮಗೆ ಸತ್ಯ ಹೇಳುವುದನ್ನು ಕಲಿಸಿದ್ದರು. ಹೇಳಿದ ಮೇಲೆ ಎಲ್ಲಿ ನಿಲ್ಲಬೇಕೆಂಬುದು ಸಿಲಬಸ್ಸಿನಲ್ಲಿರಲಿಲ್ಲ.

ಶುಕ್ರವಾರ ಸಂಜೆ ಅಭ್ಯಾಸ ಮುಗಿಸಿ ಬಂದವಳೇ ಚಿಕ್ಕಮ್ಮ ಮೇಜಿನೆದುರು ಕೂತಳು.

“ಬಾಗಿಲಲ್ಲಿ ನಿಂತು ಕೇಳ್ತಿದ್ರಂತೆ. ಹೇಗಿತ್ತು?”

ಚಿಕ್ಕಪ್ಪ ಮೇಣದ ಚಾಕು ಕೆಳಗಿಟ್ಟರು. “ಶಿಳ್ಳೆ ಬರ್ತಿದೆ ಕಣೇ.”

“ಯಾರಿಗೆ?”

“ನಿಂಗೆ. ‘ಸ’ ಬಂದಾಗೆಲ್ಲ.”

ಚಿಕ್ಕಮ್ಮನ ಮುಖ ಇಳಿದುಹೋಯಿತು. “ಎಲ್ಲರ ಮುಂದೆ? ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?”

“ಹಾಕ್ಕೊಂಡಿದ್ದೆ. ಮೊನ್ನೆ ನನ್ನ ಹಲ್ಲು ಬಿತ್ತು. ನಿನ್ನದೂ ಸರಿಯಿಲ್ಲ ಅಂದ್ರೆ ನನ್ನ ಹತ್ರ ಇನ್ಯಾರು ಬರ್ತಾರೆ? ಅದಕ್ಕೇ ಹೆದರಿದೆ.”

“ಸರಿ, ನಾನು ಹಾಡಲ್ಲ ಅಂತ ಫಾದರ್‌ಗೆ ಹೇಳಿಬಿಡ್ತೀನಿ. ನಿಮ್ಮ ಸತ್ಯ ನೀವೇ ಇಟ್ಕೊಂಡು ಪೂಜೆ ಮಾಡಿ.” ಅವಳು ಎದ್ದಳು.

“ಕೂತ್ಕೋ. ಸತ್ಯ ಅಂದ್ರೆ ಬರೀ ಒಂದು ಮಾತಾಗಿದ್ರೆ ಹೇಳಿ ಮುಗಿಸಬಹುದಿತ್ತು. ನಮಗೆ ಸತ್ಯ ಅಂದ್ರೆ ಯೇಸು ಅಲ್ವಾ? ಅವನು ಮೇಲಿಂದಾನೇ ನಮ್ಮ ತಪ್ಪು ಕೂಗಿ ಹೇಳಿ ಬಾಗಿಲು ಹಾಕ್ಕೊಂಡನಾ? ಇಳಿದು ಬಂದ, ಜೊತೆಗೆ ಕೂತು ಉಂಡ. ನಿಜ ಹೇಳಿದೋನು ಅಲ್ಲೇ ಇರಬೇಕು ಕಣೇ, ಕೆಲಸ ಮುಗಿಯೋವರೆಗೂ. ನಾನಿರ್ತೀನಿ, ನೀನು ಹಾಡು.”

ಚಿಕ್ಕಮ್ಮ ಪ್ಲಾಸ್ಟರ್ ದವಡೆಗಳನ್ನೇ ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ಕೂತಳು.

“ಉಪದೇಶ ಬಿಷಪ್ಪರು ಮಾಡ್ತಾರೆ. ನೀವು ಮೇಣ ಕಾಯಿಸಿ.”

ಮುಂದಿನ ಹಲ್ಲುಗಳ ಹಿಂದೆ ಚೂರು ಮೇಣ ತುಂಬುವುದು, ಒಂದು ಸಾಲು ಹಾಡಿಸುವುದು, ತೆಗೆದು ಕೆರೆಯುವುದು, ಮತ್ತೆ ಹಾಡಿಸುವುದು. ನಡುವೆ ಮೂರು ಸಲ ಜಗಳ. ಶನಿವಾರವೂ ಅದೇ. ಶಿಳ್ಳೆ ಸಣ್ಣಗಾಗಿ, ಉಸಿರಾಗಿ, ಕೊನೆಗೆ ಹೇಳದೆ ಕೇಳದೆ ಹೊರಟುಹೋಯಿತು. ಮೇಣವಿದ್ದ ಜಾಗಕ್ಕೆ ಹಲ್ಲು ಕಟ್ಟುವ ಗಟ್ಟಿ ಪ್ಲಾಸ್ಟಿಕ್ ತುಂಬಿ ನುಣುಪು ಮಾಡಿದ ಮೇಲೆ ಚಿಕ್ಕಪ್ಪ ತಮ್ಮ ಸೆಟ್ಟನ್ನೂ ಬಿಗಿ ಮಾಡಿಕೊಂಡರು.

ಭಾನುವಾರ ಚಿಕ್ಕಮ್ಮ ಹಾಡಿದಳು. ಒಂದೊಂದು ‘ಸ’ವೂ ತೊಳೆದ ಗಾಜಿನ ಹಾಗೆ ಬಂತು. ಹಿಂದಿನ ಬೆಂಚಿನಲ್ಲಿ ಚಿಕ್ಕಪ್ಪ ಹಲ್ಲು ಬಿಟ್ಟುಕೊಂಡು ಕೂತಿದ್ದರು, ಈ ಸಲ ಬಾಯೊಳಗೇ. ಆಮೇಲೆ ಬಿಷಪ್ಪರು ಸತ್ಯದ ಮೇಲೆಯೇ ದೀರ್ಘವಾಗಿ ಉಪದೇಶ ಮಾಡಿದರು. ಪೂಜೆ ಮುಗಿದು ಬಾಗಿಲಲ್ಲಿ ಎಲ್ಲರ ಕೈಕುಲುಕುವಾಗ, ಮೊನ್ನೆ ಹಲ್ಲು ಬಿದ್ದವರು ಇವರೇ ಎಂದು ಫಾದರ್ ಪರಿಚಯಿಸಿದರು. ಬಿಷಪ್ಪರು ನಕ್ಕು, ಚಿಕ್ಕಪ್ಪನ ಕೈ ಹಿಡಿದೇ ಕೇಳಿದರು:

“ಸತ್ಯದ ಬಗ್ಗೆ ಇಷ್ಟೆಲ್ಲ ಹೇಳಿದೆನಲ್ಲ, ನಿಮ್ಮ ಮನಸ್ಸಿಗೆ ಮುಟ್ಟಿದ್ದು ಏನು?”

“ತಮ್ಮ ಕೆಳಗಿನ ಸೆಟ್ಟು ಸಡಿಲ ಆಗಿದೆ ಸ್ವಾಮಿ,” ಎಂದರು ಚಿಕ್ಕಪ್ಪ. “ನಾಳೆ ಬನ್ನಿ, ನಾನಿರ್ತೀನಿ.”