ಮೂವತ್ತೆರಡನೆಯ ಚೀಟಿ

2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ನಾನು ಮಹಾರಾಷ್ಟ್ರದ ಗಡಿಯ ಉದಗೀರ ತಾಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ಪಶುಧನ ವಿಕಾಸ ಅಧಿಕಾರಿಯಾಗಿದ್ದೆ. ಹೆಸರು ದೊಡ್ಡದು, ಕೆಲಸ ದನದ ಡಾಕ್ಟರದು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಅಕ್ಕಪಕ್ಕದ ಎರಡು ಆಸ್ಪತ್ರೆಗಳಲ್ಲಿ ಡಾಕ್ಟರ ಹುದ್ದೆ ಖಾಲಿ ಬಿದ್ದು ಬಹಳ ಕಾಲವಾಗಿತ್ತು, ಅವುಗಳ ಹೊಣೆಯೂ ನನ್ನ ತಲೆಗೇ ಕಟ್ಟಿದ್ದರು. ಇಷ್ಟು ಸಾಲದೆಂಬಂತೆ ಚುನಾವಣೆಯ ಆದೇಶ ಬಂತು. ನಿಲಂಗಾ ವಿಧಾನಸಭಾ ಕ್ಷೇತ್ರದ ಒಂದು ಫ್ಲೈಯಿಂಗ್ ಸ್ಕ್ವಾಡ್‌ಗೆ ನಾನು ಮುಖ್ಯಸ್ಥ.

ಫ್ಲೈಯಿಂಗ್ ಸ್ಕ್ವಾಡ್ ಎಂದರೆ ಒಬ್ಬ ಅಧಿಕಾರಿ, ಒಬ್ಬ ಪೊಲೀಸ್, ಒಬ್ಬ ವಿಡಿಯೊಗ್ರಾಫರ್, ಒಂದು ಜೀಪು. ಮತದಾರರಿಗೆ ಆಮಿಷ ಒಡ್ಡುವುದು ಕಂಡರೆ ಯಾರು ಬೇಕಾದರೂ ಸಿ-ವಿಜಿಲ್ ಎಂಬ ಆ್ಯಪ್‌ನಲ್ಲಿ ಫೋಟೊ ಹಾಕಬಹುದು. ಹದಿನೈದು ನಿಮಿಷದಲ್ಲಿ ನಾವು ಅಲ್ಲಿರಬೇಕು, ನೂರು ನಿಮಿಷದಲ್ಲಿ ದೂರು ಇತ್ಯರ್ಥವಾಗಬೇಕು. ಎಮ್ಮೆಯ ಹೆರಿಗೆಯಲ್ಲಿ ಕರು ಅಡ್ಡ ಸಿಕ್ಕಾಗಲೂ ನಾನು ಗಡಿಯಾರ ನೋಡಿದವನಲ್ಲ. ಆ ಬೇಸಿಗೆಯಲ್ಲಿ ನೋಡಿದ್ದೇ ನೋಡಿದ್ದು.

ಸ್ವಂತ ಊರಿನ ಕ್ಷೇತ್ರದಲ್ಲಿ ಯಾರನ್ನೂ ಈ ಕೆಲಸಕ್ಕೆ ಹಾಕುವುದಿಲ್ಲ. ನನ್ನ ಊರು ಉಮರ್ಗಾ, ಅದು ಬೇರೆ ಕ್ಷೇತ್ರ. ಆದರೆ ನನ್ನ ಒಡಹುಟ್ಟಿದ ಸುಭದ್ರಕ್ಕನನ್ನು ದೇವಣಿಯ ಕಾಳಿನ ವ್ಯಾಪಾರಿಗಳ ಮನೆಗೆ ಕೊಟ್ಟಿತ್ತು, ದೇವಣಿ ನಿಲಂಗಾ ಕ್ಷೇತ್ರದಲ್ಲೇ ಬರುತ್ತದೆ. ಫಾರ್ಮಿನಲ್ಲಿ ಅಕ್ಕನ ಊರು ಯಾವುದೆಂದು ಕೇಳಿರಲಿಲ್ಲ, ನಾನೂ ಹೇಳಲಿಲ್ಲ.

ಆ ಸಲ ವಿರೋಧ ಪಕ್ಷಗಳಲ್ಲೊಂದು, ಅದರ ಹೆಸರು ಇಲ್ಲಿ ಬೇಡ, ಮನೆಮನೆಗೆ ಒಂದು ಕಾರ್ಡು ಹಂಚುತ್ತಿತ್ತು. ಮೇಲಿನ ಅರ್ಧದಲ್ಲಿ ಮರಾಠಿಯಲ್ಲಿ ಭರವಸೆಗಳು: ಸೋಯಾಬೀನ್‌ಗೆ ಖಾತರಿ ಬೆಲೆ, ಓದಿ ಕೂತವರಿಗೆ ಒಂದು ವರ್ಷದ ಕೆಲಸ, ಮನೆಯ ಹಿರಿಯ ಹೆಣ್ಣುಮಗಳ ಖಾತೆಗೆ ನೇರ ನೆರವು, ಕೊನೆಯಲ್ಲಿ ದನಗಳಿಗೆ ವಿಮೆ ಮತ್ತು ಪಶು ಆಸ್ಪತ್ರೆಗಳ ಖಾಲಿ ಹುದ್ದೆಗಳ ಭರ್ತಿ. ಕೆಳಗಿನ ಅರ್ಧ ಹರಿದು ಕೊಡುವ ಚೀಟಿ. ಅದರಲ್ಲಿ ಹೆಸರು, ಫೋನ್ ನಂಬರು, ಸಹಿ.

ನಮಗೆ ತರಬೇತಿಯಲ್ಲಿ ಹೇಳಿದ್ದು ಸ್ಪಷ್ಟವಾಗಿತ್ತು. ಭರವಸೆ ಕೊಡಲು ಎಲ್ಲ ಪಕ್ಷಕ್ಕೂ ಹಕ್ಕಿದೆ, ಮೇಲಿನ ಅರ್ಧ ಮುಟ್ಟಬೇಡಿ. ಆದರೆ ಗೆದ್ದರೆ ನಿಮಗೆ ಕೊಡುತ್ತೇವೆ ಎಂದು ಹೆಸರು ನೋಂದಾಯಿಸಿಕೊಂಡರೆ ಅದು ಆಮಿಷ, ಚೀಟಿ ಜಪ್ತಿ ಮಾಡಿ. ಆದರೂ ಕಾರ್ಡಿನ ಆ ಕೊನೆಯ ಭರವಸೆ ಓದಿದಾಗ ನನ್ನ ಜೀವ ಒಮ್ಮೆ ಹಗುರಾದದ್ದು ನಿಜ. ಖಾಲಿ ಹುದ್ದೆಗಳ ಬಗ್ಗೆ ನಾನು ಬರೆದ ಅರ್ಜಿಗಳು ಎಲ್ಲೋ ದೂಳು ತಿನ್ನುತ್ತಿದ್ದವು, ಮತ ಕೇಳುವವರ ಕಾರ್ಡಿನಲ್ಲಾದರೂ ಆ ಮಾತು ಬಂತಲ್ಲ. ಸರಕಾರಿ ನೌಕರನಾದ್ದರಿಂದ ಬಾಯಿ ಬಿಡುವಂತಿರಲಿಲ್ಲ.

ಮತದಾನಕ್ಕೆ ಕೆಲವೇ ದಿನ ಉಳಿದಿದ್ದಾಗ, ಒಂದು ಸೋಮವಾರ ಬೆಳಿಗ್ಗೆ ದೂರು ಬಂತು. ಫೋಟೊದಲ್ಲಿ ಒಂದು ಕಾವಿ ಜೋಳಿಗೆ, ಅದರೊಳಗಿಂದ ಇಣುಕುವ ಕಾರ್ಡುಗಳ ಕಟ್ಟು. ಸ್ಥಳ ದೇವಣಿಯ ಬಜಾರದ ಹಿಂದಿನ ಓಣಿ. ಜೋಳಿಗೆ ಯಾರದೆಂದು ನನಗೆ ನೋಡಿದ ಕೂಡಲೇ ತಿಳಿಯಿತು.

ಗುರುಪಾದಯ್ಯ ನಮ್ಮ ಮನೆತನದ ಅಯ್ಯ. ನಮ್ಮ ಕಡೆಯ ವೀರಶೈವ ಮನೆಗಳಿಗೆ ಹೀಗೆ ಒಬ್ಬೊಬ್ಬ ಜಂಗಮ ಅಯ್ಯ ಇರುತ್ತಾರೆ. ಹೆಸರಿಡುವುದಕ್ಕೆ, ಮದುವೆಗೆ, ಮಣ್ಣಿಗೆ ಅವರೇ ಬರಬೇಕು. ಹೆಣ್ಣುಮಗಳು ಎಲ್ಲಿಗೆ ಹೋದರೂ ಅವರ ಓಡಾಟ ಅಲ್ಲಿಗೂ ಬೆಳೆಯುತ್ತದೆ. ಸೋಮವಾರ ಭಿಕ್ಷೆಗೆ ಬಂದು ವಿಭೂತಿ ಕೊಡುತ್ತಾರೆ. ಅಯ್ಯ ಕೊಟ್ಟದ್ದನ್ನು ಏನು ಎತ್ತ ಎಂದು ಕೇಳುವ ಪದ್ಧತಿ ಇಲ್ಲ. ಎರಡೂ ಕೈ ಒಡ್ಡಿ ತೆಗೆದುಕೊಂಡು ದೇವರ ಜಗಲಿಯ ಮೇಲೆ ಇಡುವುದಷ್ಟೆ. ಪಕ್ಷದ ಕಾರ್ಯಕರ್ತನೊಬ್ಬ ಇದನ್ನು ಚೆನ್ನಾಗಿ ತಿಳಿದಿದ್ದ. ಮರಾಠಿ ಓದಲು ಬಾರದ ಹಿರಿಯ ಹೆಂಗಸರಿಗೆ ಕಾರ್ಡು ಓದಿ ಹೇಳಿ ಅಯ್ಯಾ, ಒಳ್ಳೆಯ ಕೆಲಸ ಎಂದು ಅವರ ಜೋಳಿಗೆಗೆ ಕಟ್ಟು ಹಾಕಿದ್ದ.

ಹನ್ನೆರಡನೆಯ ನಿಮಿಷಕ್ಕೆ ಜೀಪು ನಿಂತದ್ದು ನನ್ನ ಅಕ್ಕನ ಮನೆಯ ಮುಂದೆಯೇ. ಅಯ್ಯ ಪಡಸಾಲೆಯಲ್ಲಿ ಕೂತಿದ್ದರು. ಅಕ್ಕ ಆಗಷ್ಟೇ ಪಾದಕ್ಕೆ ನೀರೆರೆದಿದ್ದಳು. ನನ್ನ ಹಿಂದೆ ಜಾಧವ ಹವಾಲ್ದಾರ, ಕ್ಯಾಮೆರಾ ಹೊತ್ತ ವಿಡಿಯೊಗ್ರಾಫರ್.

“ತಮ್ಮಾ, ಬಾ ಬಾ. ಉಂಡು ಹೋಗು,” ಎಂದಳು ಅಕ್ಕ. ಖಾಕಿ ಬಟ್ಟೆ ಕಂಡದ್ದೇ ಮುಖ ಬದಲಾಯಿತು. “ಇದೇನು? ನಮ್ಮ ಅಯ್ಯನ ಮ್ಯಾಲ ಕೇಸ್ ಹಾಕ್ಲಾಕ ಬಂದಿ ಏನು?”

“ಅಕ್ಕಾ, ನೀ ಸುಮ್ನ ಇರು,” ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿತು.

ಅಯ್ಯನಿಗೆ ಅಳುಕೇ ಇರಲಿಲ್ಲ. ಜೋಳಿಗೆಯನ್ನು ತಾವೇ ಬಿಚ್ಚಿ, ತುಂಬಿದ ಚೀಟಿಗಳ ಕಟ್ಟು ನನ್ನ ಕೈಗೆ ಕೊಟ್ಟರು. ಜನ “ನೀವ ಬರೀರಿ ಅಯ್ಯಾ” ಎಂದಿದ್ದರಂತೆ. ಮನೆಮನೆಯ ಹೆಸರು ಅವರಿಗೆ ಬಾಯಿಪಾಠ. ತಮ್ಮ ದುಂಡನೆಯ ಕನ್ನಡ ಅಕ್ಷರದಲ್ಲಿ ಎಲ್ಲವನ್ನೂ ತಾವೇ ತುಂಬಿದ್ದರು.

ಇಲ್ಲಿಂದ ಪಂಚನಾಮೆ ಶುರು. ಪಂಚನಾಮೆ ಎಂದರೆ ಜಪ್ತಿಯಾದ ವಸ್ತುಗಳನ್ನು ಸಾಕ್ಷಿಗಳ ಎದುರು ಒಂದೊಂದಾಗಿ ಬರೆಯುವ ದಾಖಲೆ. ಹವಾಲ್ದಾರನಿಗಾಗಲಿ ವಿಡಿಯೊಗ್ರಾಫರನಿಗಾಗಲಿ, ಸಾಕ್ಷಿಗೆ ಕರೆತಂದ ಮರಾಠಿ ಅಂಗಡಿಕಾರರಿಬ್ಬರಿಗಾಗಲಿ ಕನ್ನಡ ಬರುತ್ತಿರಲಿಲ್ಲ. ನಾನು ಓದಿ ಮರಾಠಿಯಲ್ಲಿ ಹೇಳುತ್ತಿದ್ದೆ, ಹವಾಲ್ದಾರ ಬರೆದುಕೊಳ್ಳುತ್ತಿದ್ದ. ಹತ್ತು, ಹದಿನೈದು, ಇಪ್ಪತ್ತು. ಅಕ್ಕನ ಹೆಸರೂ ಬಂತು, ಹೇಳಿದೆ. ಮೂವತ್ತೊಂದಾಯಿತು. ಕೊನೆಯ ಚೀಟಿ ತಿರುಗಿಸಿದೆ.

ಅದರಲ್ಲಿ ನನ್ನ ಹೆಸರಿತ್ತು. ಹೆಸರಿನ ಮುಂದೆ ಡಾಕ್ಟರ, ಕೆಳಗೆ ಉಮರ್ಗಾದ ಮನೆ, ನನ್ನದೇ ಫೋನ್ ನಂಬರು.

ಅಯ್ಯ ನನ್ನ ಮುಖವನ್ನೇ ನೋಡುತ್ತಿದ್ದರು. “ನಿಂದೂ ಬರದೀನಪಾ,” ಎಂದರು ಮೆಲ್ಲಗೆ. “ದನದ ದವಾಖಾನಿಗೆ ಡಾಕ್ಟರ್ ಕೊಡ್ತೀವಿ ಅಂತ ಬರದಾರಲ್ಲ ಅದರಾಗ. ಮೂರು ದವಾಖಾನಿ ಒಬ್ಬನೇ ನೋಡಿ ಸಾಯ್ಲಾಕತ್ತಿ. ನಿನಗ ಚಲೋ ಆಗ್ತದ ಅಂದೆ.”

ಅವರು ನಕ್ಕರು. ವಿರೋಧ ಪಕ್ಷದ ಫಲಾನುಭವಿಗಳ ಪಟ್ಟಿಯಲ್ಲಿ ಫ್ಲೈಯಿಂಗ್ ಸ್ಕ್ವಾಡಿನ ಮುಖ್ಯಸ್ಥ! ಅದೂ ಅಕ್ಕನ ಮನೆಯಲ್ಲಿ ಸಿಕ್ಕ ಚೀಟಿ, ಕ್ಯಾಮೆರಾದ ಎದುರು. ಅಮಾನತು ಖಂಡಿತ, ನಿವೃತ್ತಿಯ ಕಾಗದವೆಲ್ಲ ವಿಚಾರಣೆಯ ಕೆಳಗೆ ಹೂತುಹೋಗುವುದು ಖಂಡಿತ. ಇಂಜೆಕ್ಷನ್ ಕೊಡುವಾಗ ನಾವು ಎತ್ತನ್ನು ನಾಲ್ಕು ಕಂಬಗಳ ಕಟ್ಟಿನೊಳಗೆ ನಿಲ್ಲಿಸುತ್ತೇವೆ. ಅದಕ್ಕೆ ಹಿಂದೆ ಮುಂದೆ ಸರಿಯಲು ಬರುವುದಿಲ್ಲ. ನಾನು ಹಾಗೆ ನಿಂತಿದ್ದೆ. ನೂರರಲ್ಲಿ ಎಪ್ಪತ್ತು ನಿಮಿಷ ಮುಗಿದಿತ್ತು.

ಆಗ ಹವಾಲ್ದಾರ ಜಗಲಿಯ ಮೇಲಿದ್ದ ಅಕ್ಕನ ಕಾರ್ಡು ತೋರಿಸಿ ಅದನ್ನೂ ಶೂಟ್ ಮಾಡಲು ಹೇಳಿದ. ಕ್ಯಾಮೆರಾ ಆ ಕಡೆ ತಿರುಗಿತು. ನಾನು ಚೀಟಿಯನ್ನು ಕರವಸ್ತ್ರದ ಜೊತೆ ಮಡಿಸಿ ಜೇಬಿಗೆ ಹಾಕಿದೆ. “ಏಕೂಣ ಏಕತೀಸ್” ಎಂದೆ. ಒಟ್ಟು ಮೂವತ್ತೊಂದು.

“ಡಾಕ್ಟರ, ಇನ್ನೊಂದು ಉಳೀತಲ್ಲ,” ಎಂದರು ಅಯ್ಯ, ಕನ್ನಡದಲ್ಲಿ.

ಹವಾಲ್ದಾರ ಪೆನ್ನು ಎತ್ತಿದ. “ಬಾಬಾ ಕಾಯ್ ಮ್ಹಣಾಲೆ?” ಬಾಬಾ ಏನಂದರು?

“ನೀರು ಬೇಕಂತೆ,” ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ.

ಅಯ್ಯನಿಗೆ ಮರಾಠಿ ಬರುತ್ತದೆ. ದೇವಣಿಯಲ್ಲಿ ಯಾರಿಗೆ ಬರುವುದಿಲ್ಲ? ನನ್ನನ್ನು ಒಮ್ಮೆ ನೋಡಿದರು. ಅಕ್ಕ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವರ ಮುಂದೆ ಇಟ್ಟಳು. ಅವರು ಎತ್ತಿ ಕುಡಿದರು. ಪಂಚನಾಮೆಗೆ ಸಹಿ ಮಾಡಿ ಎಂದಾಗ ಮಾತಾಡದೆ ಮಾಡಿದರು. ನಾನು ಹೊರಡುವಾಗ ಅಕ್ಕ ಬಾಗಿಲ ತನಕ ಬಂದು, “ನೀರು ಯಾರು ಕೇಳಿದ್ರು?” ಎಂದಳು. ನಾನು ಜೀಪು ಹತ್ತಿದೆ.

ತೊಂಬತ್ತೆರಡನೆಯ ನಿಮಿಷಕ್ಕೆ ದೂರು ಇತ್ಯರ್ಥವಾಯಿತೆಂದು ಆ್ಯಪ್‌ನಲ್ಲಿ ಬರೆದೆ. ಕಂಟ್ರೋಲ್ ರೂಮಿನಿಂದ ಶಹಬ್ಬಾಸ್ ಬಂತು. ಆ ದಿನವಿಡೀ ಜೇಬಿನ ಮೇಲಿಂದ ಕೈ ತೆಗೆಯಲು ಆಗಲಿಲ್ಲ. ಹರಿದು ಎಸೆಯಬಹುದಿತ್ತು, ಒಲೆಗೆ ಹಾಕಬಹುದಿತ್ತು. ಅಯ್ಯನ ಅಕ್ಷರ ನೋಡಿದಾಗ ಅದೂ ಆಗಲಿಲ್ಲ. ನನ್ನ ಜಾತಕ ಬರೆದದ್ದೂ ಅದೇ ಕೈ.

ಮರುದಿನ ನಿಲಂಗಾದ ತಹಸೀಲ್ ಕಚೇರಿಯಲ್ಲಿ ಅಯ್ಯನ ಜಬಾಬು, ಅಂದರೆ ಹೇಳಿಕೆ ಬರೆದುಕೊಳ್ಳುವುದು. ಸಹಾಯಕ ಚುನಾವಣಾಧಿಕಾರಿಯ ಮುಂದೆ ಎರಡೇ ದಾರಿಗಳಿದ್ದವು. ಕಾರ್ಯಕರ್ತ ಮರುಳು ಮಾಡಿದ, ಚೀಟಿ ಏನೆಂದು ಈ ಮುದುಕನಿಗೆ ಗೊತ್ತಿರಲಿಲ್ಲ ಎಂದು ನಂಬಿದರೆ ಅಯ್ಯ ಸಾಕ್ಷಿ. ನಂಬದಿದ್ದರೆ ಕಾರ್ಯಕರ್ತನ ಜೊತೆ ಅವರೂ ಆರೋಪಿ, ಕೋರ್ಟು ಕಟಕಟೆ. ಎಂಬತ್ತು ದಾಟಿದ, ಭಕ್ತರ ಮನೆಯ ಹೊಸ್ತಿಲು ಬಿಟ್ಟರೆ ಬೇರೆ ಜಗತ್ತಿಲ್ಲದ ಮನುಷ್ಯ ಅವರು. ಎಲ್ಲವೂ ಅವರ ಮಾತಿನ ಮೇಲೆ ನಿಂತಿತ್ತು.

ಅಧಿಕಾರಿ ಮೆಲುದನಿಯ ಮನುಷ್ಯರು. ಅಯ್ಯನನ್ನು ಕುರ್ಚಿಯ ಮೇಲೆ ಕೂಡಿಸಿ ಕೇಳಿದರು. ಕಾರ್ಡು ಯಾರು ಕೊಟ್ಟರು? ಹೇಳಿದರು. ಏನೆಂದು ಕೊಟ್ಟರು? ಹೇಳಿದರು. ಎಷ್ಟು ಚೀಟಿ ತುಂಬಿದಿರಿ?

ಅಯ್ಯ ಕೊರಳ ಲಿಂಗದ ಕರಡಿಗೆಯ ಮೇಲೆ ಕೈಯಿಟ್ಟರು. ಈ ಸಲ ನನ್ನ ಕಡೆ ನೋಡಲಿಲ್ಲ, ಕನ್ನಡದಲ್ಲೂ ಹೇಳಲಿಲ್ಲ. “ಬತ್ತೀಸ್, ಸಾಹೇಬ.” ಮೂವತ್ತೆರಡು.

ಅಧಿಕಾರಿ ಪಂಚನಾಮೆ ತಿರುವಿದರು. “ಇಲ್ಲಿ ಮೂವತ್ತೊಂದಿದೆ. ನಿಮ್ಮದೇ ಸಹಿ ಇದೆ.”

“ಸಹಿ ಮಾಡಿದೆ. ಆದರೂ ಬತ್ತೀಸ್.”

ಹವಾಲ್ದಾರ ನಕ್ಕ. ವಯಸ್ಸಾಗಿದೆ ಸಾಹೇಬರೇ, ನೆನಪು ಹಾರಿದೆ ಎಂದ. ಅಧಿಕಾರಿ ನಗಲಿಲ್ಲ. ಹಾಗಾದರೆ ಒಂದು ಚೀಟಿ ಎಲ್ಲಿ ಬಚ್ಚಿಟ್ಟಿದ್ದೀರಿ, ಇದರಲ್ಲೇ ಸುಳ್ಳು ಹೇಳಿದರೆ ಉಳಿದದ್ದನ್ನು ಹೇಗೆ ನಂಬಲಿ ಎಂದು ಕೇಳಿದರು. ಅಯ್ಯ ತಲೆ ತಗ್ಗಿಸಿದರು. ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ಹೇಳಲಿಲ್ಲ. ಅಧಿಕಾರಿ ಪೆನ್ನು ಕೈಗೆತ್ತಿಕೊಂಡು ನನ್ನತ್ತ ತಿರುಗಿದರು. “ಡಾಕ್ಟರ್, ಚೀಟಿ ಓದಿದವರು ನೀವು. ಇವರ ಮಾತಿಗೆ ಏನು ಬರೆಯಲಿ?”

ಮುದುಕರು, ಬಿಟ್ಟುಬಿಡಿ ಎಂದರೆ ಮುಗಿಯುತ್ತಿತ್ತು ಎಂದು ನನ್ನೊಳಗಿನ ಹೇಡಿ ಹೇಳುತ್ತಲೇ ಇದ್ದ. ಮುಗಿಯುತ್ತಿತ್ತು, ನನ್ನ ಪಾಲಿಗೆ. ನಾನು ಎದ್ದು ನಿಂತೆ. ಕರವಸ್ತ್ರ ಬಿಚ್ಚಿ ಚೀಟಿಯನ್ನು ಮೇಜಿನ ಮೇಲೆ ಇಟ್ಟೆ. “ಅವರ ಲೆಕ್ಕ ಸರಿ. ಮೂವತ್ತೆರಡನೆಯದು ನನ್ನ ಹೆಸರಿನದು. ಬಚ್ಚಿಟ್ಟವನು ನಾನು.”

ಅಧಿಕಾರಿ ಚೀಟಿ ನೋಡಿದರು, ನನ್ನನ್ನು ನೋಡಿದರು. ಅವರು ಬೈದಿದ್ದರೆ ಸಹಿಸಬಹುದಿತ್ತು. “ನೀವು ಬರೆದದ್ದಲ್ಲ, ನಿಮ್ಮ ಸಹಿ ಇಲ್ಲ. ಅಲ್ಲೇ ಓದಿ, ‘ನನ್ನನ್ನು ಕೇಳದೆ ನನ್ನ ಹೆಸರು ಹಾಕಿದ್ದಾರೆ’ ಎಂದು ಒಂದು ಸಾಲು ಬರೆಸಿದ್ದರೆ ನಾನೇ ಸಹಿ ಹಾಕಿ ನಿಮ್ಮನ್ನು ಬೇರೆ ಕ್ಷೇತ್ರಕ್ಕೆ ಕಳಿಸುತ್ತಿದ್ದೆ. ಅಷ್ಟೇ ಆಗುತ್ತಿತ್ತು,” ಎಂದರು.

ಅಷ್ಟೇ ಆಗುತ್ತಿತ್ತು! ಯಾರೂ ಹಾಕದ ಕಟ್ಟಿನಲ್ಲಿ ನಾನೇ ಹೋಗಿ ನಿಂತಿದ್ದೆ.

ಅಯ್ಯ ಸಾಕ್ಷಿಯಾದರು, ಮನೆಗೆ ಹೋದರು. ನನ್ನನ್ನು ಅದೇ ದಿನ ಸ್ಕ್ವಾಡಿನಿಂದ ತೆಗೆದರು. ಇಲಾಖೆಯ ವಿಚಾರಣೆ ನಡೆಯಿತು. ನಿವೃತ್ತಿಗೆ ಮುಂಚೆ ಸೇವಾ ಪುಸ್ತಕದಲ್ಲಿ ವಾಗ್ದಂಡನೆ ಬಿತ್ತು. ಮುಚ್ಚಿಟ್ಟ ಕಾರಣವೇನು ಎಂಬ ಪ್ರಶ್ನೆಗೆ ‘ಭಯ’ ಎಂದು ಬರೆದಿದ್ದೆ. ಗುಮಾಸ್ತ ಇನ್ನೇನಾದರೂ ಸರಕಾರಿ ಕಾರಣ ಬರೆಯಿರಿ ಎಂದ, ಬೇರೆ ಕಾರಣ ಇರಲಿಲ್ಲ.

ಜಬಾಬಿನ ದಿನವೇ ತಹಸೀಲ್ ಕಚೇರಿಯ ಮೆಟ್ಟಿಲ ಬಳಿ ಅಯ್ಯನ ಪಾದ ಮುಟ್ಟಿ ಕ್ಷಮೆ ಕೇಳಿದ್ದೆ. ಅವರು ತಲೆಯ ಮೇಲೆ ಕೈ ಇಟ್ಟರು, ಆದರೆ ಬಿಟ್ಟುಕೊಡಲಿಲ್ಲ. “ನಿನಗ ಕೇಳದ ನಿನ್ನ ಹೆಸರು ಬರದದ್ದು ನನ್ನ ತಪ್ಪದ ತಮ್ಮಾ, ಒಪ್ಪಿಕೊಂತೀನಿ. ಚೀಟಿ ನೀ ಮುಚ್ಚಿಟ್ಟಿ, ಅಂಜಿಕಿ ಬಂದ್ರ ಯಾರರೆ ಮುಚ್ತಾರ. ಖರೆ ನನ್ನ ಬಾಯಾಗ ನಾ ಆಡ್ಲಾರದ ಮಾತು ಯಾಕ ಹಾಕಿದಿ?”

ಚೀಟಿಗೆ ವಿಚಾರಣೆ ಆಯಿತು, ಶಿಕ್ಷೆಯೂ ಆಯಿತು. ‘ಇನ್ನೊಂದು ಉಳೀತಲ್ಲ’ ಎಂದ ಅಯ್ಯನ ಮಾತು ವಿಡಿಯೊದಲ್ಲಿ ಸ್ಪಷ್ಟವಾಗಿಯೇ ದಾಖಲಾಗಿತ್ತು, ಕನ್ನಡ ಬಲ್ಲವರಿಲ್ಲದ ಕಾರಣ ಅದರ ಬಗ್ಗೆ ಯಾರೂ ನನ್ನನ್ನು ಕೇಳಲಿಲ್ಲ. ದನಗಳ ಜೊತೆ ಇಷ್ಟು ವರ್ಷ ಕಳೆದವನಿಗೆ ಕೆಲಸ ಕಲಿಸಿದ ದೊಡ್ಡ ಪಾಠ ಕೊನೆಯ ವರ್ಷದಲ್ಲಿ ಬಂತು: ಇನ್ನೊಬ್ಬರ ಮಾತು ನಮ್ಮ ಬಾಯಿಂದಲೇ ದಾಟಬೇಕಾದಾಗ ಅದನ್ನು ಇದ್ದಂತೆಯೇ ದಾಟಿಸಬೇಕು, ಅದರಲ್ಲಿ ನಮ್ಮ ಹೆಸರಿದ್ದರೂ.