ಅಕ್ಕನ ಕಣ್ಣಿಗೆ ಹತ್ತಿದ ದಾಕು

೧೯೫೮ರ ಫೆಬ್ರವರಿ ೨೧, ಶುಕ್ರವಾರ, ಬೆಳಗ್ಗೆ ಆರೂವರೆ. ನಾನು ಚಿಕ್ಕವನಿದ್ದಾಗ ನಮ್ಮ ಇಟ್ಟಮಡು ಹೊಲಗಳ ನಡುವಿನ ಹಳ್ಳಿ. ಮನೆಯಲ್ಲಿ ನಡೆದದ್ದನ್ನೆಲ್ಲ ನಾನು ಗಂಟೆ ಸಮೇತ ಕಾಪಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅಂದು ಬರೆದದ್ದು ಒಂದೇ ಸಾಲು: ‘ಅಕ್ಕನ ಎಡಗಣ್ಣು ತೆರೆಯುತ್ತಿಲ್ಲ.’

ಹನ್ನೊಂದು ದಿನದ ಹಿಂದೆ, ಸಿಡುಬು ಬರದಿರಲೆಂದು ನಮ್ಮಿಬ್ಬರ ತೋಳಿಗೂ ದಾಕು ಹಾಕಿದ್ದರು. ಅಲ್ಲಿ ಕೀವುಗುಳ್ಳೆ ಎದ್ದು ವಿಪರೀತ ನವೆ. ಅಕ್ಕ ಅದನ್ನು ಕೆರೆದು ಅದೇ ಬೆರಳಲ್ಲಿ ಕಣ್ಣುಜ್ಜಿದ್ದನ್ನು ಭಾನುವಾರ ಮೂರು ಸಲ ಕಂಡಿದ್ದೆ. ಬುಧವಾರ ರೆಪ್ಪೆ ಊದಿ, ಅಂಚಿನಲ್ಲೂ ಅಂಥದೇ ಗುಳ್ಳೆಗಳು ಬಂದವು.

“ಅಮ್ಮ ಬಂದವ್ಳೆ. ಔಷ್ದಿ ಅಂದ್ರೆ ಮುನಿಸ್ಕೊಂತಾಳೆ,” ಎಂದು, ಸಿಡುಬನ್ನು ದೇವಿಯೆಂದೇ ನಂಬಿದ್ದ ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ದೇವಿಗೆ ಆಗದೆಂದು ಮನೆಯಲ್ಲಿ ಒಗ್ಗರಣೆ ನಿಂತಿತು. ನಾನು ಬೆರಳಿನ ಮಾತು ಹೇಳಿದರೆ ಅಪ್ಪ, “ಬಂದ ದೊಡ್ ಡಾಕ್ಟ್ರು! ಸುಮ್ಕಿರ್ಲಾ,” ಎಂದು ಗದರಿದ. ಎರಡು ದಿನ ಅಕ್ಕ ಕತ್ತಲೆ ಕೋಣೆಯಲ್ಲಿ ನರಳಿದಳು.

ಶುಕ್ರವಾರ ಹತ್ತು ಗಂಟೆಗೆ ದಾಕು ಹಾಕಿದವರೇ ಗುಳ್ಳೆ ನೋಡಲು ಸೈಕಲ್ಲಿನಲ್ಲಿ ಬಂದರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. “ಮಕ್ಳು ನೆಂಟ್ರ ಮನೆಗೆ ಹೋಗವ್ರೆ ಸ್ವಾಮಿ.”

“ಸುಳ್ಳು! ಅಕ್ಕ ಒಳ್ಗೇ ಅವ್ಳೆ!” ಎಂದು ಕಿರುಚಿದೆ. ಅಜ್ಜಿ ನನ್ನ ಕಿವಿ ಹಿಂಡಿದಳು. ಅಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು.

“ಇದು ಅಮ್ಮ ಅಲ್ಲ ತಾಯಿ. ತೋಳಿನ ಕೀವು ಕಣ್ಣಿಗೆ ಹತ್ತಿದೆ. ಹೀಗಾಗೋದು ತೀರಾ ಅಪರೂಪ. ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ ಹೋಗಿ.”

“ಗೊತ್ತಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?” ಎಂದೆ.

“ಕೆರ್ಕೋಬೇಡಿ ಅಂದಿದ್ನಲ್ಲಪ್ಪಾ.”

“ಕಣ್ಣು ಹೋಗ್ತದೆ ಅಂದ್ರಾ?”

ಅವರು ಅಕ್ಕನ ತೋಳಿಗೆ ಬಟ್ಟೆ ಸುತ್ತಿದರು. ಅಪ್ಪ ಗಾಡಿ ಕಟ್ಟಿದ.

ಆಸ್ಪತ್ರೆಯಲ್ಲಿ ಕೆಲವು ದಿನಕ್ಕೆ ಕಣ್ಣು ತೆರೆಯಿತು, ಆದರೆ ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿಯಿತು. ಆ ಕಣ್ಣಿಗೆ ಎಲ್ಲವೂ ಮಂಜು.

ಮಕ್ಕಳೇ, ದಾಕಿನ ಮೇಲೆ ನನಗೆ ಕೋಪವಿಲ್ಲ. ಸಿಡುಬನ್ನು ಓಡಿಸಿದ್ದು ಅದೇ. ಅರ್ಧ ಮಾತು ಹೇಳಿ ಹೋದವರ ಮೇಲೆ, ಕೇಳಿಸಿಕೊಳ್ಳದ ದೊಡ್ಡವರ ಮೇಲೆ ಇಂದಿಗೂ ಮೈ ಉರಿಯುತ್ತದೆ. ನಿಮಗೆ ಲಸಿಕೆ ಹಾಕಿದರೆ ಅರ್ಧ ಗಂಟೆ ಕೂರಿಸಿ, ಏನಾದರೆ ಏನು ಮಾಡಬೇಕೆಂದು ಚೀಟಿ ಕೊಡುತ್ತಾರೆ. ನೀವು ಪ್ರಶ್ನೆ ಕೇಳಿದರೆ ಯಾರೂ ಕಿವಿ ಹಿಂಡುವುದಿಲ್ಲ.

ಬುಧವಾರವೇ ಹೋಗಿದ್ದರೆ ಆ ಕಣ್ಣು ಪೂರ್ತಿ ಉಳಿಯುತ್ತಿತ್ತೇ? ಅಕ್ಕ ಒಮ್ಮೆಯೂ ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ. ತಿಳಿದವರು ದಯವಿಟ್ಟು ಬರೆಯಿರಿ, ಉತ್ತರ ಕಹಿಯಾದರೂ.